ಏಳನೇ ಪ್ರಶ್ನೆಗೆ ಟಿಕ್ ಹಾಕಿಲ್ಲ

...ಅಬ್ಬಾ, ನಕ್ಕೆಯಲ್ಲ! ನಗು ಉಷಾ, ನಗು. ಮೂರು ವಾರದಲ್ಲಿ ಇದೇ ಮೊದಲು. ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿರೋ ಹುಡುಗಿ ಮುಂದೆ ಕಾರಿನ ಫಾರ್ಮ್ ಹಿಡಿದು ಕೂತಿರೋ ಚಿಕ್ಕಮ್ಮನ್ನ ಕಂಡ್ರೆ ಯಾರಿಗಾದ್ರೂ ನಗು ಬರಬೇಕು. ಏನ್ ಮಾಡ್ಲಿ? ನಿನ್ನೆ ವೈಜಾಗಿಂದ ಆರು ಗಂಟೆ ಕಾಲ ರೈಲಲ್ಲಿ ಕೂತು ಬಂದೆ, ನೀನು ಗೋಡೆ ಕಡೆ ತಿರುಗಿಬಿಟ್ಟೆ. ನಿನ್ನ ತೆಲುಗಲ್ಲಿ 'ಪಿನ್ನಿ' ಅಂತ ಒಂದು ಸಲ ಕರೀಲಿಲ್ಲ. ಕನ್ನಡದಲ್ಲಿ ಚಿಕ್ಕಮ್ಮ ಅನ್ನೇ ಅಂತ ಇಪ್ಪತ್ತು ವರ್ಷ ಜಗಳ ಆಡಿದೀನಿ, ಈಗ ಆ ಪಿನ್ನಿಗೂ ಗತಿ ಇಲ್ಲ. ಕೊನೆಗೆ ಈ ಫಾರ್ಮ್ ತೆಗೆದೆ ನೋಡು, ಈ ಕಡೆ ತಿರುಗಿದೆ.

ಕಾರು ಕಂಪನಿಯವರು ನಮ್ಮ ಡ್ರೈವಿಂಗ್ ಕ್ಲಬ್ಬಿಗೆ ಕಳಿಸಿರೋದು. 'ಮುಂದಿನ ತಲೆಮಾರಿನ ಹಾಟ್ ಹ್ಯಾಚ್‌ನಲ್ಲಿ ನಿಮಗೆ ಏನೇನು ಬೇಕು?' ಹತ್ತು ಪ್ರಶ್ನೆ. ನಿಮ್ಮಪ್ಪ ಕೇಳ್ತಾರೆ, ಹಾಟ್ ಹ್ಯಾಚ್ ಅಂದ್ರೆ ಏನಮ್ಮಾ ಹೇಮಾಕ್ಷಿ, ಟಿಫಿನ್ ಐಟಮ್ಮಾ ಅಂತ. ಹೊರಗಿಂದ ನೋಡಿದ್ರೆ ರೈತುಬಜಾರಿಗೆ ಹೋಗಿ ಬದನೆಕಾಯಿ ತರೋ ಪುಟ್ಟ ಕಾರು, ಭಾವ, ಕಾಲಿಟ್ಟು ಒತ್ತಿದ್ರೆ ದೆವ್ವ ಅಂದೆ. ಅವರು ನಗಲಿಲ್ಲ.

ಕ್ಲಬ್ಬಿನವರ ಆಸೆ ಕೇಳು. ಫಣೀಂದ್ರನಿಗೆ ಬೆಂಕಿಯಂಥ ಇಂಜಿನ್ ಬೇಕು, ಆದ್ರೆ ನಿಮ್ಮೂರಿನ ಈ ಬೆಂಜ್ ಸರ್ಕಲ್ ಟ್ರಾಫಿಕ್ಕಲ್ಲಿ ಕ್ಲಚ್ ಒತ್ತಿ ಒತ್ತಿ ಕಾಲು ನೋಯಬಾರದು. ಲಿಂಗರಾಜುಗೆ ನೆಲಕ್ಕೆ ಅಂಟಿಕೊಂಡು ಓಡೋ ಕಾರು ಬೇಕು, ಆದ್ರೆ ರೋಡ್ ಹಂಪ್‌ಗೆ ಹೊಟ್ಟೆ ತಾಗಬಾರದು. ಕಾರು ಕೇಳ್ತಿದಾರೋ ಸೊಸೆ ಹುಡುಕ್ತಿದಾರೋ! ನಾನು ಏನ್ ಬರೆದೆ ಗೊತ್ತಾ? ಗೇರು ನನ್ನ ಕೈಲಿರಲಿ. ಎ.ಸಿ.ಗೆ ತಿರುಗಿಸೋ ಗುಂಡಿ ಇರಲಿ, ಟಿ.ವಿ.ಯಂಥ ಪರದೆ ತಡಕೋ ಹಣೆಬರಹ ಬೇಡ. ಬ್ಯಾಟರಿ ಕಾರೇ ಮಾಡಿ, ಬೇಡ ಅನ್ನಲ್ಲ, ಸ್ಪೀಕರಲ್ಲಿ ಸುಳ್ಳು ಇಂಜಿನ್ ಶಬ್ದ ಮಾತ್ರ ಹಾಕಬೇಡಿ. ಲಿಸ್ಬನ್ನಿನ ಇಳಿಜಾರಲ್ಲಿ ಓಡಿಸಿದೀನಿ, ಜಾರ್ಜಿಯಾದ ಬೆಟ್ಟದಲ್ಲಿ ಓಡಿಸಿದೀನಿ, ಲಡಕಾಸಿ ಕಾರನ್ನೂ ಕ್ಷಮಿಸಿದೀನಿ. ಸುಳ್ಳು ಹೇಳೋ ಕಾರನ್ನ ಮಾತ್ರ...

ಯಾಕೆ? ಹಾಗ್ಯಾಕೆ ನೋಡ್ತೀಯಾ?

ದಿಂಬಿನ ಕೆಳಗೆ ಏನದು? ಕೊಡಿಲ್ಲಿ... ಓ. ರಾಜೀನಾಮೆ. ನಿಮ್ಮಪ್ಪ ಟೈಪ್ ಮಾಡಿಸಿಯೇಬಿಟ್ರಾ? ನಿನ್ನ ಸಹಿ ಒಂದು ಬಾಕಿ. ಸಂಜೆ ಮಾಡಿಸಿಕೊಂಡು ನಾಳೆ ಅಚ್ಯುತಾಪುರದ ನಿನ್ನ ಕಂಪನಿಗೆ ಕಳಿಸ್ತಾರಂತೆ. ಊಟಕ್ಕೆ ಕೂತಾಗ ಹೇಳಿದ್ರು. 'ನೀನು ಕೈಗೆ ಕೊಟ್ಟ ಕಾರನ್ನೇ ನೋಡ್ಕೊಳ್ಳೋಕೆ ಬರದವಳು ಅಷ್ಟು ದೂರ ಇದ್ದು ತನ್ನನ್ನ ಏನು ನೋಡ್ಕೋತಾಳೆ? ಪಟಮಟದಲ್ಲೇ ನಮ್ಮ ಮನೇಲಿರಲಿ, ಇಲ್ಲೇ ಯಾವುದಾದ್ರೂ ಸ್ಕೂಲಲ್ಲಿ ಪಾಠ ಹೇಳಲಿ.' ನಾನಾ? ನಾನೇನಂದೆ ಅಂತಾನಾ? ನಾನು... ಅನ್ನಕ್ಕೆ ಇನ್ನೊಂಚೂರು ಪಪ್ಪು ಹಾಕಿಸಿಕೊಂಡೆ.

ಆ ಔಷಧಿ ಲ್ಯಾಬಿನ ಕೆಲಸ ನಿನಗೆ ಎಂಥದ್ದು ಅಂತ ನನಗೆ ಗೊತ್ತಿಲ್ವಾ? ವೈಜಾಗಲ್ಲಿ ನನ್ನ ಮನೇಲೇ ಇದ್ದವಳು. ಐದೂವರೆ ಕಂಪನಿ ಬಸ್ಸಿಗೆ ಐದಕ್ಕೇ ಶೂ ಕಟ್ಟಿ ನಿಲ್ತಿದ್ದೆ, ಸ್ಕೂಲ್ ಮಗು ಥರ.

ನೋಡು, ಆಕ್ಸಿಡೆಂಟ್ ಆದಾಗ ಎಲ್ಲರಿಗೂ ನಾನು ಹೇಳಿದ್ದು ಇಷ್ಟೇ. ದುವ್ವಾಡ ದಾಟಿದ ಮೇಲೆ ಆ ತಿರುವಲ್ಲಿ ಮರಳು ಚೆಲ್ಲಿತ್ತು, ಹುಡುಗಿ ಸ್ವಲ್ಪ ಜೋರಾಗಿ ತಿರುಗಿಸಿಬಿಟ್ಟಳು. ಸ್ವಲ್ಪ ಅಂದೆ. ಸ್ವಲ್ಪ! ಅದನ್ನ ನಿಮ್ಮಪ್ಪ 'ಹುಚ್ಚು ಸ್ಪೀಡು' ಮಾಡಿಕೊಂಡ್ರೆ ನಾನೇನ್ ಮಾಡ್ಲಿ? ಎಷ್ಟಿತ್ತು? ಐವತ್ತು... ಐವತ್ತೂ ಇರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆನಲ್ಲ. 'ಒತ್ತು, ಒತ್ತು, ಹೆದರಬೇಡ' ಅಂದವಳೂ ನಾನೇ. ಆಮೇಲೆ ಮೋರಿ ಕಟ್ಟೆ. ನಿನ್ನ ಕಾಲು. ನನಗೆ... ಮೊಣಕೈ ತರಚಿತು.

ಬಿಡು. ಫಾರ್ಮ್ ಮುಗಿಸೋಣ. ಐದು, ಹ್ಯಾಂಡ್ ಬ್ರೇಕ್ ಎಳೆಯೋದಾ, ಗುಂಡಿಯಾ? ಎಳೆಯೋದು. ಆರು, ಸ್ಟೆಪ್ನಿ? ಬೇಕೇ ಬೇಕು. ಎಂಟು, ಸೀಟು...

ಏನು? ಏಳಾ? ಏಳೇನು ಅಷ್ಟು ಮುಖ್ಯ ಅಲ್ಲ... ಎಳೀಬೇಡ್ವೇ, ಹರಿಯತ್ತೆ! ತಗೋ, ನೀನೇ ಓದ್ಕೋ. ಬೆರಳು ಯಾಕೆ ಅಲ್ಲಿಟ್ಟೆ?

'ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯನ್ನು ಪೂರ್ತಿ ಆಫ್ ಮಾಡುವ ಸೌಲಭ್ಯ ಇರಬೇಕೆ? ಹೌದು. ಇಲ್ಲ.'

ಅದು... ಕಾರು ಜಾರಿದಾಗ ಕಾರೇ ತನ್ನನ್ನ ಹಿಡ್ಕೊಳ್ಳತ್ತಲ್ಲ, ಅದು. ಒಳ್ಳೆ ಖಾಲಿ ರಸ್ತೆ ಕಂಡ್ರೆ ನಾವು ಮೊದಲು ಅದನ್ನ ಆಫ್ ಮಾಡ್ತೀವಿ. ಗುಂಡಿ ಒತ್ತಿ ಐದು ಸೆಕೆಂಡ್ ಹಿಡೀಬೇಕು. ಕ್ಲಬ್ಬಲ್ಲಿ ಅದಕ್ಕೆ 'ಚಪ್ಪಲಿ ಬಿಡೋದು' ಅಂತೀವಿ. ಬರಿಗಾಲಲ್ಲಿ ರಸ್ತೆ ಮುಟ್ಟಿದ ಹಾಗೆ...

ಅವತ್ತಾ? ಅವತ್ತು ನೀನು ಕನ್ನಡೀಲಿ ಹಿಂದಿನ ಲಾರಿ ನೋಡ್ತಿದ್ದೆ. ಗುಂಡಿ ಗೇರಿನ ಪಕ್ಕಾನೇ ಇದೆ. ಅಭ್ಯಾಸ ಕಣೇ, ಕೈ ತಾನಾಗಿ... ಇಲ್ಲ. ತಾನಾಗಿ ಅಲ್ಲ. ಐದು ಸೆಕೆಂಡ್ ತಾನಾಗಿ ಯಾವ ಕೈ ಒತ್ತತ್ತೆ? ಈ ಕಾರು ಅಂದ್ರೆ ಏನು ಅಂತ ನಿನಗೆ ಒಂದು ಸಲ ತೋರಿಸಬೇಕು ಅನ್ನಿಸ್ತು. ಹೇಳೋಣ ಅನ್ನೋಷ್ಟರಲ್ಲಿ ತಿರುವು ಬಂತು.

ನಿನಗೆ ಗೊತ್ತಾಗಲಿಲ್ಲ, ಅಲ್ವಾ?

ಉಷಾ?

ಮೀಟರಲ್ಲಿ ಕಿತ್ತಳೆ ದೀಪ ಹತ್ತತ್ತೆ... ಪುಟ್ಟ ಕಾರು, ಹಿಂದೆ ಎರಡು ಸೊಟ್ಟ ಗೆರೆ. ಅದನ್ನ... ನೋಡಿದ್ಯಾ?

ನೋಡಿದೀಯ. ನೋಡಿಯೂ ಮೂರು ವಾರ... ಪೊಲೀಸಿನವನು ಕೇಳಿದಾಗ, ನಿಮ್ಮಪ್ಪ ಆಸ್ಪತ್ರೇಲಿ ಎಲ್ಲರೆದುರು ಕೂಗಾಡಿದಾಗ... ಯಾಕೇ ಬಾಯಿ ಬಿಡಲಿಲ್ಲ? ನಾನೇ ಹೇಳ್ತೀನಿ ಅಂತ ಕಾಯ್ತಿದ್ದೆಯಾ? ಊಟಕ್ಕೆ ಕೂತಾಗಲೂ ಇಲ್ಲಿಂದ ಕಿವಿ ಕೊಟ್ಟು ಕಾಯ್ತಿದ್ದೆಯಾ?

ಮಾತಾಡೇ. ಬೈಯಿ. ತೆಲುಗಲ್ಲೇ ಬೈಯಿ...

ಶ್. ನಿಮ್ಮಪ್ಪ. ಜೇಬಲ್ಲಿ ಪೆನ್ನು ಹುಡುಕ್ಕೊಂಡು ಬರ್ತಿದಾರೆ. ಬೆರಳು ತೆಗಿ, ಉಷಾ. ತೆಗಿ ಅಂದೆ...

ಬೇಡ. ತೆಗೀಬೇಡ. ಅಲ್ಲೇ ಇರಲಿ.

ಭಾವ... ಕೂತ್ಕೊಳ್ಳಿ. ಇಲ್ಲ, ಸಹಿ ಆಮೇಲೆ. ಮೊದಲು ಈ ಫಾರ್ಮ್... ನೀವೇ ಓದಿ ಭಾವ, ಅವತ್ತು ಅದನ್ನ ಆಫ್ ಮಾಡಿದ್ದು ಯಾರು ಅಂತ ಆಮೇಲೆ ನಾನು ಹೇಳ್ತೀನಿ. ಏಳನೇದು. ಅವಳ ಬೆರಳಿದೆಯಲ್ಲ, ಅಲ್ಲಿ.