ಅರಿಶಿನದ ಕಾಲಿನ ಹುಂಜ

ಪುಕ್ಕ ಅಲ್ಲ ಕಣ್ಲಾ, ಕಾಲು. ಕೋಳಿ ತಗೊಳೋನು ಮೊದ್ಲು ಕಾಲು ನೋಡ್ಬೇಕು. ಪುಕ್ಕ ಏನು, ಸಾರಿಗೆ ಹಾಕ್ತೀಯಾ? ಕಾಲು ನುಣ್ಣಗಿದ್ರೆ ಎಳೇದು, ಒರಟಾಗಿದ್ರೆ ಬಲಿತಿದ್ದು, ಹುರುಪೆ ಎದ್ದು ಮರದ ತೊಗಟೆ ಥರ ಆಗಿದ್ರೆ ಮುದೀದು, ಎಷ್ಟು ಸೌದೆ ಉರಿಸಿದ್ರೂ ಬೇಯೋದಿಲ್ಲ. ಕೊಣನೂರು ಸಂತೇಲಿ ಜನ ಇಂಗೇ ಕೋಳಿ ಎತ್ತಿ ಎತ್ತಿ ನೋಡೋರು, ನಾನೂ ಅಂಗೇ ನೋಡ್ತಿದ್ದೆ. ಅದರಿಂದ್ಲೇ ಒಂದ್ಸಲ ನನ್ನ ಮನೆ ಒಲೆ ಆರೋದ್ರಲ್ಲಿತ್ತು, ಗೊತ್ತಾ? ನಯಾಪೈಸೆ ಬಂದ ಹೊಸತು ಅದು, ಜನ ಇನ್ನೂ ಆಣೇಲೇ ಕೇಳೋರು. ನಿಮ್ಮ ತಾತ ಇದ್ರು, ಇಲ್ಲಾಂತಲ್ಲ, ಆದ್ರೆ ಅವರಿಗೆ ಬಾಯಿರ್ಲಿಲ್ಲ. ಗಿರಾಕಿ ಏನು ಕೇಳಿದ್ರೂ "ಹೂಂ" ಅನ್ನೋರು. ಅಂಥೋರು ಸಂತೇಲಿ ಕೂತ್ರೆ ಕೋಳಿ ಜೊತೆ ಬುಟ್ಟೀನೂ ಕೊಟ್ಟು ಬತ್ತಾರೆ. ಅದಕ್ಕೇ ನಾನು ಕೂತೆ. ಹಿತ್ಲಲ್ಲಿ ಮರಿ ಮಾಡಿಸ್ತಿದ್ದೆ, ಬಲಿಯೋಕೆ ಮೊದ್ಲೇ ಮಾರ್ತಿದ್ದೆ. ಹೊಳೆನರಸೀಪುರದ ಮಿಲ್ಟ್ರಿ ಹೋಟ್ಲೋನೊಬ್ಬ ಪ್ರತಿ ಸಂತೆಗೂ ಬಸ್ಸಲ್ಲಿ ಬಂದು ನನ್ನ ಬುಟ್ಟಿ ಅರ್ಧ ಖಾಲಿ ಮಾಡೋನು. ಅವನೊಬ್ಬ ಇದ್ದದ್ದಕ್ಕೆ ನಾವು ರಾಗಿ ಕೇಳ್ಕೊಂಡು ಇನ್ನೊಬ್ಬರ ಬಾಗ್ಲಿಗೆ ಹೋಗ್ಲಿಲ್ಲ.

ನನ್ನ ಪಕ್ಕದಲ್ಲಿ ಕೂರ್ತಿದ್ದೋನು ಸಣ್ಣಯ್ಯ ಅಂತ, ಅವನೂ ಕೋಳಿ ಯಾಪಾರಿ. ಆಗಿನ್ನೂ ಅಣ್ಣ ಅಂತಿದ್ದೆ ಅವನ್ನ. ಒಂದಿನ ಹುಂಜ ತಂದ, ಕೆಂಪಗೆ, ಎದೆ ಎತ್ಕೊಂಡು ನಡೆಯೋದು, ಎರಡೂ ಕಾಲಿಗೆ ಅರಿಶಿನ ಮೆತ್ತಿತ್ತು. "ಅರಿಶಿನ ಯಾಕಣ್ಣ?" ಅಂದೆ. "ದೇವ್ರಿಗೆ ಬಿಟ್ಟಿದ್ದು ಕೆಂಪಮ್ಮಿ, ಹರಕೆ ಮುಂದಕ್ಕೋಯ್ತು. ನಿನ್ ಯಾಟೆಗಳಿಗೆ ಇಂಥ ಹುಂಜ ಬೇಕಾಗಿತ್ತಲ್ಲ, ತಗೋ" ಅಂದ. ತಗೊಂಡೆ. ಇಷ್ಟು ಜನದ ಕೋಳಿ ಕಾಲು ನೋಡಿದ ನಾನು ಆವತ್ತು ಆ ಅರಿಶಿನ ಒರೆಸಿ ನೋಡ್ಲಿಲ್ಲ. ನಗ್ಬೇಡ್ರಲೇ. ದೇವ್ರ ಹೆಸರು ಹೇಳಿದ್ರೆ ಯಾಪಾರದೋರೂ ಕಣ್ಣು ಮುಚ್ಕೋತಾರೆ.

ಎರಡು ತಿಂಗಳು, ಅಲ್ಲ, ಮೂರೇ ಇರ್ಬೇಕು, ಗೌರಿ ಹಬ್ಬ ಕಳೆದಿತ್ತು, ನನ್ನ ಕೋಳಿಗಳ ಕಾಲು ಒಂದೊಂದಾಗಿ ದಪ್ಪ ಆಯ್ತಾ ಬಂತು. ಹುರುಪೆ ಎದ್ದು ನಿಂತು, ಸಂದೀಲಿ ಬೂದಿ ಥರ ಬಿಳೀ ಪುಡಿ. ಇನ್ನೂ ಮೊಟ್ಟೆ ಇಕ್ಕದ ಎಳೇ ಯಾಟೆಗಳಿಗೆ ಮುದಿ ಕೋಳಿ ಕಾಲು! ಬೇರೆ ದಾರಿಯಿಲ್ದೆ ಅಂಗೇ ಸಂತೆಗೆ ತಂದೆ. ಹೋಟ್ಲೋನು ಒಂದನ್ನ ಎತ್ತಿ ಕಾಲು ಸವರಿದ, ಮುಖ ನೋಡ್ದ. ನಾನು ಬಾಯಿ ತೆಗೆಯೋಕೆ ಮೊದ್ಲೇ ಪಕ್ಕದ ಸಣ್ಣಯ್ಯ ಕೂಗಿದ, ಇಡೀ ಸಂತೆಗೆ ಕೇಳೋಂಗೆ: "ಸಾ, ಅವು ಕೋಳಿ ಅಲ್ಲ, ಅಜ್ಜೀರು! ಬೇಯ್ಸೋಕೆ ಹಾಸನದಿಂದ ಸೌದೆ ಲಾರಿ ತರಿಸ್ಬೇಕು! ಬನ್ನಿ ಇಲ್ಲಿ!" ಜನ ನಕ್ರು. ಹೋಟ್ಲೋನೂ ನಕ್ಕ. ನಕ್ಕು, ಸಣ್ಣಯ್ಯನ ಬುಟ್ಟಿಗೆ ಕೈ ಹಾಕ್ದ. ಆವತ್ತಿಂದ ಅಣ್ಣ ಅನ್ನೋದು ಬಿಟ್ಟೆ.

ಮನೆಗೆ ಬಂದ್ರೆ ನಮ್ಮತ್ತೆ, "ಶನಿ ಹಿಡಿದವೆ. ಕುಯ್ದು ತಿಂದ್ಬುಟ್ಟು ನಾಳೆಯಿಂದ ನೀನು ನಾಟಿ ಕೂಲಿಗೋಗು. ಗಂಡಸ್ರ ಜೊತೆ ಸಂತೇಲಿ ಕೂತಿದ್ದು ಸಾಕು" ಅಂದ್ಳು. ಬಾಯಿ ಅಂದ್ರೆ ಕತ್ತಿ ಅವಳ್ದು. "ಎರಡು ತಿಂಗಳು ಕೊಡತ್ತೆ" ಅಂದೆ. "ಒಂದು" ಅಂದ್ಳು. ಒಂದೂವರೆಗೆ ಒಪ್ಪಿಸ್ದೆ. ಅತ್ತೆ ಜೊತೇಲೂ ಚೌಕಾಸಿ ಮಾಡಿ ಬದುಕಿದೋಳು ನಾನು.

ಮೊದ್ಲು ಮಾಡಿದ್ದು ಮಂಗನ ಕೆಲ್ಸ. ಚಾಕು ತಗೊಂಡು ಹುರುಪೆ ಕೆರೆದೆ. ರಕ್ತ ಬಂತು, ಕೋಳಿ ಕುಂಟೋಕೆ ಶುರು ಮಾಡ್ತು. ಆಮೇಲೆ ಸೀಮೆಣ್ಣೆ ಸುರಿದೆ, ಬರೀ ಸೀಮೆಣ್ಣೆ. ಆ ಹಸೀ ಗಾಯದ ಮ್ಯಾಲೆ! ಚರ್ಮ ಸುಟ್ಟು ಒಂದು ಯಾಟೆ ಮೂರು ದಿನಕ್ಕೆ ಸತ್ತೋಯ್ತು. ಅಳ್ಲಿಲ್ಲ ನಾನು. ಉಳಿದಿದ್ರಲ್ಲಿ ಒಂದನ್ನ ಸೆರಗಲ್ಲಿ ಸುತ್ಕೊಂಡು ಅರಕಲಗೂಡಿನ ದನದಾಸ್ಪತ್ರೆಗೆ ಹೋದೆ.

ಅಲ್ಲಿನ ಕಾಂಪೌಂಡರು ಮೂಗು ಮ್ಯಾಲೆ ಮಾಡ್ಕೊಂಡು, "ಏನಮ್ಮಾ, ಕೋಳಿ ಕಂಕುಳಲ್ಲಿಟ್ಕೊಂಡು ಬಂದಿದೀಯ, ಇದೇನು ನೆಂಟರ ಮನೇನಾ? ಇಲ್ಲಿ ಎತ್ತು, ಎಮ್ಮೆ ನೋಡೋದು" ಅಂದ. "ಎತ್ತು ಎಮ್ಮೆ ಇಲ್ಲದೋರು ಎಲ್ಲಿಗೆ ಹೋಗ್ಬೇಕು ಸಾ, ಅದನ್ನೂ ಬೋರ್ಡಲ್ಲಿ ಬರೀರಿ" ಅಂದೆ. ಗುರ್ ಅಂದ, ಆದ್ರೂ ಕಾಲು ಎತ್ತಿ ನೋಡ್ದ. "ಇದು ಶನಿ ಅಲ್ಲ, ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಹುರುಪೆ ಕೆಳಗೆ ಬಿಲ ತೋಡ್ತದೆ. ಕೆರೀಬೇಡ. ಎಣ್ಣೇಲಿ ಅದ್ದು, ಉಸಿರುಕಟ್ಟಿ ಸಾಯ್ತವೆ. ಹೊಸ ಕೋಳಿ ಏನಾದ್ರೂ ತಂದಿದ್ಯಾ?" ಅಂದ. ತಕ್ಷಣ ಆ ಅರಿಶಿನ ಕಣ್ಮುಂದೆ ಬಂತು. ಬಸ್ಸಿಗೆ ಕಾಯೋ ಅಷ್ಟೊತ್ತೂ ಸಣ್ಣಯ್ಯನ ಏಳು ತಲೆಮಾರಿಗೂ ಬೈದೆ, ಪಕ್ಕದಲ್ಲಿ ಕೂತಿದ್ದೋರು ಎದ್ದು ದೂರ ಹೋದ್ರು.

ಗಾಣದ ಮನೆಯಿಂದ ಹೊಂಗೆ ಎಣ್ಣೆ ತಂದೆ, ಅದಕ್ಕೆ ಒಂಚೂರೇ ಸೀಮೆಣ್ಣೆ. ಡಬ್ಬೀಲಿ ಉಯ್ಕೊಂಡು, ಕೋಳೀನ ಕಂಕುಳಲ್ಲಿ ಅದುಮಿ, ಕಾಲು ಮಾತ್ರ, ಪುಕ್ಕಕ್ಕೆ ಸೋಕದಂಗೆ ಮಂಡಿವರೆಗೆ ಅದ್ದೋದು, ನೂರು ಎಣಿಸೋದು, ಬಿಡೋದು. ವಾರಕ್ಕೊಂದ್ಸಲ. ಕೊಟ್ಟಿಗೇಲಿ ಅವು ಮಲಗ್ತಿದ್ದ ಬಿದಿರು ಗಳ ಕಿತ್ತು ಒಲೆಗೆ ಹಾಕ್ದೆ, ಗೋಡೆಗೆ ಸುಣ್ಣ ಬಳಿದೆ, ಹೊಸ ಗಳ ಕಟ್ಟಿದೆ. ಗಳದ ಸಂದೀಲೂ ನುಸಿ ಕೂತಿರ್ತವೆ, ಕಾಲು ಗುಣ ಆದ್ರೂ ರಾತ್ರಿ ಮತ್ತೆ ಹತ್ತತವೆ. ಮನೆಯೆಲ್ಲಾ ಹೊಂಗೆ ವಾಸನೆ. ಅತ್ತೆ ಮೂಗು ಮುಚ್ಕೊಂಡೇ ಉಣ್ಣೋಳು. ನಾಲ್ಕನೇ ವಾರಕ್ಕೆ ಹುರುಪೆ ತಾನಾಗೇ ಉದುರ್ತಾ ಬಂತು, ಆರನೇ ವಾರಕ್ಕೆ ಒಳಗಿಂದ ನುಣ್ಣನೆ ಹಳದಿ ಕಾಲು.

ಬುಟ್ಟಿ ಹೊತ್ಕೊಂಡು ಸಂತೆಗೆ ಹೋದೆ. ನೋಡ್ತೀನಿ, ಸಣ್ಣಯ್ಯನ ಕೋಳಿಗಳ ಕಾಲೆಲ್ಲಾ ಅರಿಶಿನ! ಒಂದೂ ಬಿಡದಂಗೆ. ನಾನು ಬಿಡ್ತೀನಾ? ಹೋಟ್ಲೋನು ಬಂದು ನಿಂತಾಗ ಸೆರಗು ಒದ್ದೆ ಮಾಡ್ಕೊಂಡು ಸಣ್ಣಯ್ಯನ ಒಂದು ಕೋಳಿ ಕಾಲು ಉಜ್ಜಿ ಎತ್ತಿ ತೋರಿಸ್ದೆ. "ನೋಡಿ ಸಾ, ಕಜ್ಜಿ! ಅರಿಶಿನ ಮೆತ್ತಿ ಕಜ್ಜಿ ಮಾರ್ತಾವ್ನೆ! ನನ್ನ ಹಿತ್ಲಿಗೆ ರೋಗ ತಂದಿಟ್ಟಿದ್ದೂ ಇವ್ನೇ!" ಅಂದೆ. ಎಂಥಾ ಖುಷಿ ಅಂತೀಯ! ಸಣ್ಣಯ್ಯನ ಮುಖ ಬದನೇಕಾಯಿ. ಹೋಟ್ಲೋನು ಅವನ್ನೂ ನೋಡ್ದ, ನನ್ನೂ ನೋಡ್ದ, ಕೈ ಒರೆಸ್ಕೊಂಡ. "ನಿನಗೂ ಇತ್ತು, ಅವನಿಗೂ ಇದೆ. ನಿಮ್ಮೂರ ಕೋಳಿಗೇ ಕಜ್ಜಿ ಬಿಡಮ್ಮ. ನಾನು ಚನ್ನರಾಯಪಟ್ಟಣದ ಸಂತೆಗೆ ಹೋಗ್ತೀನಿ" ಅಂದು ಹೊರಟೇಹೋದ. ನುಣ್ಣನೆ ಕಾಲಿನ ಕೋಳಿ ಇಟ್ಕೊಂಡು ನಾನು ನೊಣ ಹೊಡೀತಾ ಕೂತೆ. ಮುಂದಿನ ಸಂತೇಲೂ ಅಷ್ಟೇ. ನಮ್ಮ ಸಾಲಿನ ಹತ್ರ ಒಬ್ಬ ಸುಳೀಲಿಲ್ಲ. ನಾನು ಕೂಗಿದ್ದು ನನ್ನ ತಲೆ ಮೇಲೇ ಬಿತ್ತು. ಅತ್ತೆ ಕೊಟ್ಟ ವಾಯಿದೆನೂ ಮುಗಿದಿತ್ತು, ದಿನಾ ಕೂಲಿ ಮಾತೇ ಎತ್ತೋಳು.

ಆವತ್ತು ಸಾಯಂಕಾಲ ಎಣ್ಣೆ ಡಬ್ಬಿ ಎತ್ಕೊಂಡು ಸೀದಾ ಸಣ್ಣಯ್ಯನ ಮನೆಗೆ ಹೋದೆ. ಬಾಗ್ಲಲ್ಲೇ ನಿಂತಿದ್ದ. "ಏನು, ನನ್ ಕೋಳಿಗೆ ಇಸ ಇಕ್ಕೋಕೆ ಬಂದ್ಯಾ?"

"ಇಸ ಆಗಿದ್ರೆ ಇಷ್ಟೊಂದು ಎಣ್ಣೆ ಯಾಕೋ ದಂಡ ಮಾಡ್ತಿದ್ದೆ? ಕೋಳಿ ಹಿಡ್ಕೊಡು."

"ನಿನ್ ಉಪ್ಕಾರ ಬೇಕಿಲ್ಲ ನಂಗೆ."

"ಉಪ್ಕಾರ ಮಾಡೋಕೆ ನೀನೇನು ನನ್ ತಮ್ಮನಾ? ನಿನ್ ಕೋಳಿ ವಾಸಿ ಆಗ್ದಿದ್ರೆ ನನ್ ಕೋಳಿ ಮಾರೋದಿಲ್ಲ. ಹಿಡೀ!"

ಒಳಗಿಂದ ಅವನ ಹೆಂಡ್ತಿ ಬಂದು, "ಮಾಡು ಕಣಕ್ಕ, ಅವರ ಮಾತು ಕೇಳ್ಬೇಡ. ವಾರವಾರ ಅರಿಶಿನ ಅರ್ದು ಅರ್ದು ನನ್ ಕೈ ಬಿದ್ದೋಯ್ತು" ಅಂದ್ಳು. ಸಣ್ಣಯ್ಯ ಅವಳನ್ನ ದುರುಗುಟ್ಟಿ ನೋಡ್ದ, ಆಮೇಲೆ ಕೋಳಿ ಹಿಡಿಯೋಕೆ ಹೋದ. ನಾನು ಅದ್ದಿದೆ, ಬೈದೆ. ಅವನು ಹಿಡ್ದ, ಬೈದ. ಅವನ ಗಳಾನ ನನ್ನ ಕೈಯಾರೆ ಮುರಿದು ಸುಟ್ಟೆ. ಆರು ವಾರ ಹೋದೆ ಅವನ ಮನೆಗೆ. ನಾಲ್ಕನೇ ವಾರದಲ್ಲೇ ಅವನ ಕೋಳಿಗಳ ಹುರುಪೆ ಉದುರ್ತಿರೋ ಸುದ್ದಿ ಅತ್ತೆ ಕಿವಿಗೂ ಬಿತ್ತು, ಕೂಲಿ ಮಾತು ಅಷ್ಟಕ್ಕೇ ನಿಲ್ಲಿಸಿದ್ಳು. ಸಂಕ್ರಾಂತಿ ಕಳೆದ ಮೇಲೆ ಹೋಟ್ಲೋನು ಸುದ್ದಿ ಕೇಳಿ ವಾಪಸ್ ಬಂದ. ನನ್ನ ಬುಟ್ಟಿ ಮುಟ್ಲಿಲ್ಲ, ಮೊದ್ಲು ಸಣ್ಣಯ್ಯನ ಕೋಳಿ ಕಾಲು ಸವರಿ ನೋಡ್ದ. ಆಮೇಲೆ ನನ್ನ ಕಡೆ ತಿರುಗಿ ಆರು ಎತ್ತಿಡು ಅಂದ.

ಸಣ್ಣಯ್ಯ ಸಾಯೋತಂಕ ನಾವಿಬ್ಬರೂ ಪಕ್ಕ ಪಕ್ಕದಲ್ಲೇ ಕೂತ್ವಿ, ಒಂದು ಮಾತಾಡ್ಲಿಲ್ಲ. ಪಕ್ಕದಂಗಡಿಯೋನನ್ನ ಎಷ್ಟು ಬೇಕಾದ್ರೂ ದ್ವೇಷ ಮಾಡು ಮಗ, ಅವನ ಸರಕು ಮಾತ್ರ ಕೆಡೋಕೆ ಬಿಡ್ಬೇಡ. ಗಿರಾಕಿ ಬರೋದು ಇಡೀ ಸಾಲಿಗೆ, ನಿನ್ನೊಬ್ಬನಿಗಲ್ಲ. ಏಳ್ರಿ, ಹೋಗಿ ಉಣ್ರಿ.