ಮೊನೆಗೆ ಹಚ್ಚುವ ಅಂಟು

ಹಾರ್ಡ್‌ವೇರ್ ಅಂಗಡಿಯ ಸರದಿಯಲ್ಲಿ ನನ್ನ ಮುಂದೆ ಬಿಲ್ಲುವಿದ್ಯೆ ಕಲಿಯುವ ಇಬ್ಬರು ಹುಡುಗಿಯರು ನಿಂತಿದ್ದರು. ಗಿಡ್ಡ ಹುಡುಗಿಯ ಬಾಣಗಳ ಲೋಹದ ಮೊನೆ ಸಡಿಲವಾಗಿ, ಗುರಿಹಲಗೆಯಲ್ಲೇ ಕಳಚಿ ಉಳಿಯುತ್ತಿತ್ತಂತೆ. ಉದ್ದನೆಯವಳು ಎರಡು ಟ್ಯೂಬುಗಳನ್ನು ಕಲಸಿ ಹಚ್ಚುವ ಅಂಟೊಂದನ್ನು ಅವಳ ಕೈಗಿತ್ತಳು.

“ಇದು ಒಣಗೋಕೆ ರಾತ್ರಿಯೆಲ್ಲಾ ಬೇಕು. ನಾಳೆ ಬೆಳಿಗ್ಗೆ ತಂಡದ ಆಯ್ಕೆ ಅಂತ ಗೊತ್ತಿದ್ದೂ ಇದನ್ನೇ ಕೊಡ್ತೀಯಲ್ಲ!”

“ಈಗಲೇ ಹಚ್ಚಿದ್ರೆ ಬೆಳಿಗ್ಗೆ ಹೊತ್ತಿಗೆ ಕಲ್ಲಾಗಿರುತ್ತೆ ಕಣೇ.”

“ನೀನು ಮಾತ್ರ ಬಿಸಿ ಮಾಡಿ ಹಚ್ಚೋ ಅಂಟು ತಗೊಂಡಿದ್ದೀಯ. ಅದು ಕ್ಷಣದಲ್ಲಿ ಹಿಡಿಯುತ್ತೆ.”

“ನನ್ನವು ಅಲ್ಯೂಮಿನಿಯಂ ಬಾಣ, ಬಿಸಿ ತಡೆಯುತ್ತೆ. ನಿನ್ನವು ಕಾರ್ಬನ್. ಬಿಸಿ ಜಾಸ್ತಿಯಾದ್ರೆ ಒಳಗೊಳಗೇ ಸೀಳ್ಕೊಳ್ಳುತ್ತೆ.”

“ತಂಡದಲ್ಲಿ ಇರೋದು ಒಂದೇ ಜಾಗ, ನಾವಿಬ್ಬರೂ ಅದಕ್ಕೇ ಕಾಯ್ತಿರೋದು. ನಿಂಗ್ಯಾಕೆ ನನ್ನ ಬಾಣದ ಮೇಲೆ ಇಷ್ಟು ಅಕ್ಕರೆ?”

“ಹೋಗೇ, ಬೇಡ ಅಂದ್ರೆ ಅಲ್ಲೇ ಇಡು.”

ಗಿಡ್ಡ ಹುಡುಗಿ ಇಡಲಿಲ್ಲ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು.

“ಎಷ್ಟೆಷ್ಟು ಕಲಸಬೇಕು?”

“ಸಮಸಮ.”

“ನೀನೇ ಹಚ್ಚಿಕೊಡು.”

“ನಾನಾ? ನಾಳೆ ಮೊನೆ ಕಳಚಿದ್ರೆ ಊರೆಲ್ಲಾ ನನ್ನ ಮೇಲೆ ದೂರು ಹೇಳ್ಕೊಂಡು ತಿರುಗ್ತೀಯ.”

“ಪಕ್ಕದಲ್ಲೇ ಕೂತು ಕಣ್ಣಿಟ್ಟು ನೋಡ್ತಿರ್ತೀನಿ.”

“ನೋಡು. ಮೂಗು ಮಾತ್ರ ದೂರ ಇಡು, ಅದೂ ಅಂಟ್ಕೊಂಡ್ರೆ ಬಿಡಿಸೋಕಾಗಲ್ಲ.”

ಗಿಡ್ಡ ಹುಡುಗಿ ನಗಲಿಲ್ಲ. ಆದರೆ ಹೊರಡುವಾಗ, ಆ ಉದ್ದನೆಯವಳ ಭಾರದ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು ಮುಂದೆ ನಡೆದಳು.