ಗೋಡೆಯ ಮೇಲಿನ ಕೆಂಪು ಗೆರೆ

ಒಂದು ಊರು. ಆ ಊರಲ್ಲಿ ಒಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಬೀಗರು ಯಾರು ಅಂತ ಹುಡುಕುತ್ತೀರಿ! ದೊಡ್ಡ ಗಂಟಲಿನ ಮನುಷ್ಯ. ಅವನು ಕೆಮ್ಮಿದರೆ ಎದುರು ಮನೆಯವರು ಎದ್ದು ಕೂರುತ್ತಿದ್ದರು. ಅಂಥವನ ಗಂಟಲಲ್ಲೇ ನೆಲ್ಲಿಕಾಯಿ ಗಾತ್ರದ ಗಡ್ಡೆಯಾಯಿತು. ಕ್ಯಾನ್ಸರ್ ಅಂದರು. ಆರು ತಿಂಗಳು ಔಷಧ, ಅಷ್ಟೂ ದಿನ ಬರೀ ಗಂಜಿ.

ಕೊನೆಗೆ ಗಡ್ಡೆ ಕರಗಿದೆಯೋ ಇಲ್ಲವೋ ತಿಳಿಯುವ ದಿನ ಬಂತು. ಹೆಂಡತಿಯ ಜೊತೆ ಡಾಕ್ಟರ ಮುಂದೆ ಕೂತ. ಈಗ, ನೋಡಿ, ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುತ್ತಾರೆ. ಡಾಕ್ಟರ ಕೈಯಲ್ಲೊಂದು ಪೆನ್ನು. ಮೇಜಿನ ಮೇಲಿನ ಫಲಕದಲ್ಲಿ ಗೀಚಿದರೆ ಗೋಡೆಯ ಚಿತ್ರದ ಮೇಲೆ ಗೆರೆ ಮೂಡುತ್ತದೆ. ಶಾಯಿ ಇಲ್ಲ, ಗೋಡೆ ಹೊಲಸಾಗುವುದಿಲ್ಲ.

ಡಾಕ್ಟರು ಮೊದಲು ಹಳೆಯ ಚಿತ್ರ ಹಾಕಿ ಗಡ್ಡೆಯ ಸುತ್ತ ಕೆಂಪು ಗೆರೆ ಎಳೆದರು. "ಇದು ಆರು ತಿಂಗಳ ಹಿಂದಿಂದು. ಈಗ ನಿನ್ನೆ ತಗದದ್ದು ನೋಡ್ರಿ" ಎಂದು ಚಿತ್ರ ಬದಲಾಯಿಸಿದರು. ಅಷ್ಟರಲ್ಲಿ ನರ್ಸ್ ಬಂದು ಕರೆದಳು. "ಒಂದ್ ನಿಮಿಷ ಕೂಡ್ರಿ" ಎಂದು ಹೊರಗೆ ಹೋದರು.

ಗಂಡ ಹೆಂಡತಿ ಗೋಡೆ ನೋಡಿದರು. ಹೊಸ ಚಿತ್ರ. ಅದೇ ಗಂಟಲು. ಅದೇ ಜಾಗದಲ್ಲಿ ಅದೇ ಕೆಂಪು ಸುತ್ತು!

"ಇದ್ದಲ್ಲೇ ಐತಿ ನೋಡ," ಎಂದ ಶ್ರೀಮಂತ. "ಹೋಗಿಲ್ಲ."

"ಸುಮ್ನಿರ್ರಿ, ಡಾಕ್ಟ್ರು ಬರ್ಲಿ," ಎಂದಳು ಹೆಂಡತಿ.

"ಬಂದೇನ್ ಮಾಡ್ತಾರ? ಕಣ್ಣಿಗೇ ಕಾಣಸ್ತೈತಲ್ಲ. ಸಣ್ಣ ಮಗಳ ಮದುವಿ ನೀನೇ ಮುಂದ ನಿಂತು ಮಾಡು. ನಾ ಇರಂಗಿಲ್ಲ."

ಅಯ್ಯೋ ಪಾಪ! ಊರನ್ನೇ ನಡುಗಿಸಿದವನು ಹೆಂಡತಿಯ ಸೆರಗು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಡಾಕ್ಟರು ಮರಳಿ ಬಂದು ಬೆರಗಾದರು. "ಯಾಕ್ರೀ ಯಜಮಾನ್ರ, ಯಾಕ್ ಅಳಾಕತ್ತೀರಿ?"

"ಗಡ್ಡಿ ಅಲ್ಲೇ ಐತಲ್ರೀ!"

ಡಾಕ್ಟರು ಗೋಡೆ ನೋಡಿ ಹಣೆ ಬಡಿದುಕೊಂಡರು. "ಅಯ್ಯ, ಅದು ನನ್ನ ಗೆರಿ! ಹಳೇ ಚಿತ್ರದ ಮ್ಯಾಲ ಎಳದಿದ್ದು. ಚಿತ್ರ ಬದಲಾದ್ರೂ ನಾ ಅಳಸೋತನಕ ಗೆರಿ ಹೋಗಂಗಿಲ್ಲ. ತಪ್ಪು ನಂದು" ಎಂದು ಒಂದು ಗುಂಡಿ ಒತ್ತಿದರು. ಗೆರೆ ಮಾಯವಾಯಿತು. ಅದು ಸುತ್ತಿದ್ದ ಜಾಗದಲ್ಲಿ ಗಡ್ಡೆ ಇರಲಿಲ್ಲ.

ಅವನು ಎದ್ದ, ಕೂತ, ಮತ್ತೆ ಎದ್ದ. "ಇನ್ನೊಮ್ಮೆ ತೋರಸ್ರಿ" ಎಂದು ಮೂರು ಸಲ ತೋರಿಸಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಡಿ, ಇವತ್ತು ರೊಟ್ಟಿ ಬಡಿ. ಗಂಜಿ ಸಾಕು" ಎಂದ. ಅಬ್ಬಾ, ಹೋದ ಜೀವ ಬಂದಂತಾಯಿತು!

ನಗ್ತಿದ್ದೀರಿ. ನಗಿ. ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ತಮ್ಮ ಕುಡಿತ ಬಿಟ್ಟು ಎರಡು ವರ್ಷವಾಯಿತು. ತಡವಾಗಿ ಬಂದರೆ ಇನ್ನೂ ಅವನ ಬಾಯಿ ಮೂಸುತ್ತೀರಲ್ಲ, ಯಾಕೆ? ಸೊಸೆ ಹೊಸದರಲ್ಲಿ ಒಮ್ಮೆ ಎದುರು ಮಾತಾಡಿದಳು, ಹೌದು. ಈಗ ಅವಳ ಕೂದಲೂ ಬೆಳ್ಳಗಾಗಿದೆ. ಬಂದವರ ಮುಂದೆಲ್ಲ ಇನ್ನೂ ಅದೇ ಮಾತು ತೆಗೆಯುತ್ತೀರಲ್ಲ, ಯಾಕೆ? ತಪ್ಪು ಹೋಗಿದೆ ತಾಯಿ, ನೀವು ಎಳೆದ ಗೆರೆ ಹೋಗಿಲ್ಲ! ಆ ಡಾಕ್ಟರು ಒಂದೇ ನಿಮಿಷ ಹೊರಗಿದ್ದರು, ಅಷ್ಟಕ್ಕೇ ಒಬ್ಬ ಮನುಷ್ಯ ಸತ್ತು ಬದುಕಿದ. ನೀವು ಗೆರೆ ಅಳಿಸದೆ ಎಷ್ಟು ವರ್ಷದಿಂದ ಹೊರಗಿದ್ದೀರಿ?

ಇವತ್ತು ಮನೆಗೆ ಹೋದ ಕೂಡಲೇ ಅವರ ಹತ್ತಿರ ಕೂತು ಹೇಳಿ: "ನೀನು ಸರಿಯಾಗಿ ಬಹಳ ದಿನವಾಯಿತು. ನಾನೇ ನೋಡಲಿಲ್ಲ. ತಪ್ಪು ನಂದು." ನಾಳೆ ನೋಡೋಣ ಅನ್ನಬೇಡಿ. ಅಲ್ಲಿ ಒಬ್ಬರು ಗೋಡೆ ನೋಡುತ್ತಾ ಅಳುತ್ತಿದ್ದಾರೆ.